ಗಡಿರೇಖೆ ಕೂಡುವ ಬಗೆ

ಐದು ಮೂಲೆಗಳ ಹೊಲವೊಂದನ್ನು ಅಳೆಯುತ್ತೇವೆಂದಿಟ್ಟುಕೊಳ್ಳೋಣ. ಒಂದು ಗಡಿಕಲ್ಲಿನಿಂದ ಹೊರಟು, ಕೋನಗಳನ್ನೂ ಭುಜಗಳ ಉದ್ದವನ್ನೂ ಬರೆದುಕೊಳ್ಳುತ್ತ ಅದೇ ಕಲ್ಲಿಗೆ ಮರಳುತ್ತೇವೆ. ಒಳಕೋನಗಳ ಮೊತ್ತ 540 ಡಿಗ್ರಿಯಾಗಬೇಕು. ಆದರೂ ಈ ಅಂಕಿಗಳಿಂದ ಗಣಕಯಂತ್ರವು ಎಳೆದ ರೇಖೆಯು ಹೊರಟ ಬಿಂದುವನ್ನು ನಿಖರವಾಗಿ ಮುಟ್ಟುವುದು ಅಪರೂಪ. 600 ಮೀಟರ್ ಸುತ್ತಳತೆಗೆ 6 ಸೆಂಟಿಮೀಟರ್ ಅಂತರ ಉಳಿದರೆ, ಅದು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ತಂತ್ರಾಂಶವು ಅದನ್ನು ಭುಜಗಳಿಗೆ ಉದ್ದಕ್ಕನುಗುಣವಾಗಿ ಹಂಚಬಲ್ಲದು. ಆದರೆ ನಾವು 124 ಮೀಟರನ್ನು 142 ಎಂದು ಬರೆದಿದ್ದರೂ ಅದು ಹಾಗೆಯೇ ಹಂಚೀತು! ಆಗ ತಪ್ಪು ಅಳಿಯುವುದಿಲ್ಲ, ಅಡಗುತ್ತದೆ. 100 ಮೀಟರ್ ಉದ್ದದ ಬದು ಒಂದೇ ಮೀಟರ್ ಸರಿದರೂ ರೈತನೊಬ್ಬನಿಗೆ ಹೆಚ್ಚುಕಡಿಮೆ ಒಂದು ಗುಂಟೆ ನಷ್ಟ. ಆದುದರಿಂದ ಹಂಚುವ ಮೊದಲು ಅಂತರವನ್ನು ಪರೀಕ್ಷಿಸಬೇಕು. ಅದು ದೊಡ್ಡದಾಗಿದ್ದರೆ ಮರಳಿ ಹೊಲಕ್ಕೇ ನಡೆಯಬೇಕು.