ಬೆರಳಚ್ಚು ಸವೆಸಿಕೊಂಡ ಫೌಂಡ್ರಿ ಅಜ್ಜ

ಭದ್ರಾವತಿ: ಜನ್ನಾಪುರದ ಒಂದು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟದ ಮೇಲೆ 'ಫೌಂಡ್ರಿ ಅಜ್ಜ' ಎಂದಷ್ಟೇ ಬರೆದಿದೆ. ಕಳೆದ ತಿಂಗಳು ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅಜ್ಜ ತೀರಿಕೊಂಡರು. ಆ ಪುಟದಲ್ಲಿ ಒಂದು ರೂಪಾಯಿ ಬಾಕಿಯಿಲ್ಲ.

"ಪೆನ್ಷನ್ ಬಂದ ದಿನ ಸಂಜೆಯೊಳಗೆ ಬಾಕಿ ತೀರಿಸಿಬಿಡೋರು. ಮೊಮ್ಮಗಳಿಗೆ ಒಂದು ಪೊಟ್ಟಣ ಕಡಲೆ ಮಿಠಾಯಿ ಕಟ್ಟಿಸ್ಕೊಳ್ಳೋರು. ಅವಳು ಕಾಲೇಜಿಗೆ ಸೇರಿದ ಮೇಲೂ ಅದು ತಪ್ಪಲಿಲ್ಲ" ಎನ್ನುತ್ತಾರೆ ಅಂಗಡಿಯ ಯಜಮಾನರು.

ಹೆಸರು ಹಾಕುವುದು ಬೇಡ ಎಂಬುದು ಮನೆಯವರ ಕೋರಿಕೆ. ಊರಿಗೂ ಅವರು ಫೌಂಡ್ರಿ ಅಜ್ಜನೇ.

1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ, ವಿಶ್ವೇಶ್ವರಯ್ಯನವರು ಮುಂದೆ ನಿಂತು ನಡೆಸಿದ ಕಾರ್ಖಾನೆಗೆ ಅಜ್ಜ ಸೇರಿದ್ದು 1967ರಲ್ಲಿ. ಮರಳು ಗುದ್ದಿ ಅಚ್ಚು ಕಟ್ಟುವ ಕೆಲಸ. ಮರಳನ್ನು ಮುಷ್ಟಿಯಲ್ಲಿ ಹಿಸುಕಿ ತೇವ ನೋಡಬೇಕು. ತೇವ ಹೆಚ್ಚಾದರೆ ಕಾದ ಕಬ್ಬಿಣ ಸಿಡಿಯುತ್ತದೆ, ಕಡಿಮೆಯಾದರೆ ಅಚ್ಚು ಕುಸಿಯುತ್ತದೆ. ಮೂವತ್ತೊಂಬತ್ತು ವರ್ಷ ಹೀಗೆ ಹಿಸುಕಿದ ಕೈ ಅದು. 2006ರಲ್ಲಿ ನಿವೃತ್ತರಾಗುವಾಗ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಮರುವರ್ಷವೇ ಅಜ್ಜನಿಗೆ ಹೊಸ ಕೆಲಸ ಬಿತ್ತು. ಮಗ ಸೊಸೆ ಬೆಂಗಳೂರಿಗೆ ದುಡಿಯಲು ಹೋದರು. ಮೂರು ವರ್ಷದ ಮೊಮ್ಮಗಳು ಅಜ್ಜ ಅಜ್ಜಿಯ ಹತ್ತಿರ ಉಳಿದಳು. ಅಜ್ಜಿಗೆ ಮಂಡಿ ನೋವು. ಸ್ನಾನ, ತಿಂಡಿ, ಸೈಕಲ್ ಮೇಲೆ ಶಾಲೆ ಎಲ್ಲವೂ ಅಜ್ಜನದೇ. ಜಡೆ ಹೆಣೆಯುವುದನ್ನೂ ಕಲಿತರು. ಒಡೆದ ಬೆರಳಿಗೆ ಕೂದಲು ಸಿಕ್ಕಿ ಮಗು ಅಳುತ್ತದೆಂದು ಮೊದಲು ತಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತಿದ್ದರು.

ಪೆನ್ಷನ್ ಎಷ್ಟೆಂದು ಕೇಳಿದರೆ ಬಸ್ಸಿನಲ್ಲಿ ಕೂತವರು ನಕ್ಕಾರು. ಒಂದೂವರೆ ಸಾವಿರಕ್ಕೂ ಕಡಿಮೆ. 1995ರ ಭವಿಷ್ಯನಿಧಿ ಪಿಂಚಣಿ ಯೋಜನೆಯಲ್ಲಿ ಸಂಬಳ ಎಷ್ಟೇ ಇರಲಿ, 2001ರಿಂದ 2014ರವರೆಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಿದ್ದುದು 6,500 ರೂಪಾಯಿ ಮಾತ್ರ. ಅದನ್ನು ಪಡೆಯಲೂ ವರ್ಷಕ್ಕೊಮ್ಮೆ 'ಬದುಕಿದ್ದೇನೆ' ಎಂದು ರುಜುವಾತು ಕೊಡಬೇಕು. ಅದಕ್ಕೆ ಬೆರಳು ಒತ್ತಬೇಕು.

2019ರಲ್ಲಿ ಯಂತ್ರ ಅಜ್ಜನ ಬೆರಳನ್ನು ಒಪ್ಪಲಿಲ್ಲ. ಒರೆಸಿ ಒತ್ತಿದರೂ ಇಲ್ಲ, ಒದ್ದೆಮಾಡಿ ಒತ್ತಿದರೂ ಇಲ್ಲ. "ಎದುರಿಗೇ ನಿಂತಿದೀನಲ್ಲಪ್ಪ, ಇನ್ನೇನು ಸಾಕ್ಷಿ ಬೇಕು?" ಎಂದು ಕೇಳಿದರಂತೆ. ಎರಡು ತಿಂಗಳು ಪೆನ್ಷನ್ ನಿಂತಿತು. ಆ ಎರಡು ತಿಂಗಳು ಅಜ್ಜ ಅಂಗಡಿಯ ಬೀದಿ ಬಿಟ್ಟು ಹಿಂದಿನ ಗಲ್ಲಿಯಲ್ಲಿ ಓಡಾಡಿದರು. "ನಾನು ಕೇಳ್ತಿರಲಿಲ್ಲ. ಆದ್ರೂ ಅವರಿಗೆ ಮುಖ ತೋರಿಸೋಕೆ ಆಗ್ಲಿಲ್ಲ" ಎಂದು ಯಜಮಾನರು ಈಗಲೂ ನೊಂದುಕೊಳ್ಳುತ್ತಾರೆ. ಕೊನೆಗೆ ಎಡಗೈಯ ಉಂಗುರದ ಬೆರಳು ಕೈಹಿಡಿಯಿತು. ನಿಂತಿದ್ದ ಹಣವೂ ಬಂತು.

ಹೈಸ್ಕೂಲಿನಲ್ಲಿದ್ದ ಮೊಮ್ಮಗಳು ಇದನ್ನು ಮರೆಯಲಿಲ್ಲ. 2021ರ ನವೆಂಬರ್‌ನಲ್ಲಿ ಸರ್ಕಾರ ಮುಖ ತೋರಿಸಿ ಜೀವನ ಪ್ರಮಾಣ ಕೊಡುವ ಸೌಲಭ್ಯ ತಂದಿತು. ಕ್ಯಾಮೆರಾ ಇರುವ ಮೊಬೈಲ್ ಸಾಕು, ಬೆರಳು ಬೇಡ. ಮುಂದಿನ ವರ್ಷ ಅವಳು ಅಜ್ಜನನ್ನು ಜಗುಲಿಯಲ್ಲಿ ಕೂರಿಸಿ ಮೊಬೈಲ್ ಹಿಡಿದಳು. "ಅಜ್ಜ, ಕಣ್ಣು ಮಿಟುಕಿಸು" ಎಂದಳು. ಮಿಟುಕಿಸಿದರು. ಕೆಲಸ ಮುಗಿಯಿತು.

ಅಂದಿನಿಂದ ಕಾರ್ಖಾನೆಯ ಹಳೇ ಕಾರ್ಮಿಕರು ಆ ಜಗುಲಿಗೆ ಬರತೊಡಗಿದರು. ಕಾಸು ತೆಗೆದುಕೊಳ್ಳಕೂಡದು ಎಂಬುದು ಅಜ್ಜನ ಕಟ್ಟಪ್ಪಣೆ. ಈ ಯೋಜನೆಯವರು ನವೆಂಬರ್‌ವರೆಗೆ ಕಾಯಬೇಕಿಲ್ಲ, ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ ಎಂಬುದು ಎಷ್ಟೋ ಜನಕ್ಕೆ ತಿಳಿದದ್ದೇ ಇಲ್ಲಿ.

ಈಗ ಅವಳ ಕೈಯಲ್ಲಿರುವುದು ಅಜ್ಜನ ಮರಣ ಪ್ರಮಾಣಪತ್ರ. ಪೆನ್ಷನ್ ಇನ್ನು ಅಜ್ಜಿಯ ಹೆಸರಿಗೆ ಆಗಬೇಕು. ಹೆಂಡತಿಗೆ ಸಿಗುವುದು ಅರ್ಧ. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾದ್ದರಿಂದ ಅಷ್ಟಾದರೂ ಬರುತ್ತದೆ. "ಇಷ್ಟು ವರ್ಷ ಅಜ್ಜ ಇದ್ದಾರೆ ಅಂತ ಬರೆದುಕೊಟ್ಟೆ. ಇಲ್ಲ ಅಂತ ಬರೆಯೋಕೆ ಕೈ ಏಳ್ತಿಲ್ಲ" ಎಂದಳು ಹುಡುಗಿ.

ಆದರೂ ಸೋಮವಾರ ಅರ್ಜಿ ಹಾಕಿ ಬಂದಿದ್ದಾಳೆ. ಬರುವಾಗ ಅಂಗಡಿಗೆ ಹೋಗಿ ಅಜ್ಜಿಗೆ ಕಾಫಿಪುಡಿ ಕೊಂಡಳು. ಯಜಮಾನರು ಕೇಳದೆಯೇ ಒಂದು ಪೊಟ್ಟಣ ಕಡಲೆ ಮಿಠಾಯಿ ಕಟ್ಟಿಕೊಟ್ಟರು. ಲೆಕ್ಕಕ್ಕೆ ಬರೆಯಲಿಲ್ಲ.