ಕೆರೆಯಲ್ಲೂ ದಿಕ್ಕು ತಪ್ಪೀತು: ಸಣ್ಣ ದೋಣಿಗೊಂದು ದಿಕ್ಸೂಚಿ

ದಿಕ್ಸೂಚಿ ಎಂದೊಡನೆ ಕರಾವಳಿಯವರಾದ ನಮಗೆ ಕಡಲೇ ನೆನಪಾಗುತ್ತದೆ. ಆದರೆ ಕಡಲಿಲ್ಲದ ತುಮಕೂರು ಜಿಲ್ಲೆಯಲ್ಲೂ ದೊಡ್ಡ ನೀರುಗಳಿವೆ. ನಗರದ ಅಮಾನಿಕೆರೆ, ಗುಬ್ಬಿ ತಾಲೂಕಿನ ಕಡಬ ಕೆರೆ, ಜನಪದ ಹಾಡಿನಿಂದ ಹೆಸರಾದ ಕುಣಿಗಲ್ ದೊಡ್ಡಕೆರೆ, ಅದೇ ತಾಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ. ನಸುಕಿನಲ್ಲಿ ಬಲೆ ತೆಗೆಯಲು ಹೋದವನಿಗೆ ಮಂಜು ಕವಿದರೆ ದಡವೇ ಕಾಣದು. ಮೊಬೈಲಿನ ಬ್ಯಾಟರಿ ಮುಗಿದರೆ ಜಿಪಿಎಸ್ ಕೂಡ ಇಲ್ಲ.

ಆಗ ದಿಕ್ಸೂಚಿ 5 ಡಿಗ್ರಿ ತಪ್ಪು ತೋರಿಸಿದರೆ ಏನಾಗುತ್ತದೆ? 2 ಕಿಲೋಮೀಟರ್ ಸಾಗುವಷ್ಟರಲ್ಲಿ ದೋಣಿ ಸುಮಾರು 175 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ತುಂಬಿದ ಕೆರೆಯಲ್ಲಿ ಅಷ್ಟು ದೂರದಲ್ಲಿ ದಡದ ಬದಲು ಕೋಡಿಯೇ ಇರಬಹುದು!

ಕೊಳ್ಳುವಾಗ ಮೂರು ವಿಷಯ ಗಮನಿಸಿರಿ. ಒಂದು, ದ್ರವ ತುಂಬಿದ, ಗುಳ್ಳೆಯಿಲ್ಲದ ದಿಕ್ಸೂಚಿ ಇರಲಿ. ಅಲೆಗೆ ಅದರ ತಟ್ಟೆ ಕುಣಿಯುವುದು ಕಡಿಮೆ. ಎರಡು, ಮೇಲಿನಿಂದ ಸುತ್ತಲೂ ಓದುವಂತಿರಲಿ, ಸರಿಪಡಿಸುವ ತಿರುಪುಗಳಿರಲಿ. ಮೂರು, ಅದು ನಮ್ಮ ವಲಯಕ್ಕೆ ಸಮತೋಲನಗೊಳಿಸಿದ್ದೇ ಎಂದು ಕೇಳಿರಿ. ದಕ್ಷಿಣ ಭಾರತ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಗ್ರಾಮವನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಉತ್ತರ ಯುರೋಪಿಗೆಂದು ಮಾಡಿದ ತಟ್ಟೆ ಇಲ್ಲಿ ಓರೆಯಾಗಿ ಉಜ್ಜಬಹುದು.

ದಿಕ್ಸೂಚಿಯ ಮುಂಗೆರೆ ದೋಣಿಯ ನಡುಗೆರೆಗೆ ಸಮಾನಾಂತರವಾಗಿರಬೇಕು. ಎಂಜಿನ್, ಲಂಗರು, ಸ್ಪೀಕರ್, ಮೊಬೈಲ್‌ಗಳಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಅಂಗಡಿಯಲ್ಲಿ ಸರಿಯಿದ್ದ ದಿಕ್ಸೂಚಿ ದೋಣಿಯಲ್ಲಿ ತಪ್ಪುವುದು ಇವುಗಳ ಸೆಳೆತದಿಂದಲೇ.

ಈಗ ಪರೀಕ್ಷೆ. ಗಾಳಿಯಿಲ್ಲದ ದಿನ, ಕಬ್ಬಿಣದ ತೂಬು, ಬೇಲಿ, ವಾಹನಗಳಿಂದ ದೂರ ದಡದಲ್ಲಿ ನಿಂತು, ಕೈ ದಿಕ್ಸೂಚಿಯಿಂದ 3 ಕಿಲೋಮೀಟರಿಗೂ ದೂರದ ಬೆಟ್ಟದ ತುದಿಯ ದಿಕ್ಕನ್ನು ಅಳೆಯಿರಿ. ಚಿಕ್ಕನಾಯಕನಹಳ್ಳಿ ಕಡೆಯಂತೆ ಅದಿರಿರುವ ಗುಡ್ಡಗಳ ಬಳಿ ಇದನ್ನು ಮಾಡಬೇಡಿರಿ. ಅಳತೆ 40 ಡಿಗ್ರಿ ಬಂತೆನ್ನೋಣ. ಆ ಸ್ಥಳದ ಎದುರಿಗೇ, ದಡದಿಂದ 50 ಮೀಟರಿನೊಳಗೆ ದೋಣಿ ನಿಲ್ಲಿಸಿ, ಅದರ ಮೂತಿಯನ್ನು 45 ಡಿಗ್ರಿಗೊಮ್ಮೆ ಎಂಟು ದಿಕ್ಕಿಗೂ ತಿರುಗಿಸಿರಿ. ದೋಣಿಯ ದಿಕ್ಸೂಚಿಯ ಮೇಲಿಂದ ನೋಡಿದಾಗ ಬೆಟ್ಟ ಪ್ರತಿ ಬಾರಿಯೂ 40ರಲ್ಲೇ ಇರಬೇಕು. ವ್ಯತ್ಯಾಸವಿದ್ದರೆ ಅದೇ ದೋಣಿಯ ಸೆಳೆತ.

ಸರಿಪಡಿಸಲು ಹಿತ್ತಾಳೆಯ ತಿರುಪುಳಿ ಬಳಸಿರಿ. ಮೂತಿ ಉತ್ತರಕ್ಕಿದ್ದಾಗ ಉತ್ತರ-ದಕ್ಷಿಣದ ತಿರುಪಿನಿಂದ ಪೂರ್ತಿ ತಪ್ಪನ್ನು ತೆಗೆಯಿರಿ. ಪೂರ್ವಕ್ಕಿದ್ದಾಗ ಪೂರ್ವ-ಪಶ್ಚಿಮದ ತಿರುಪಿನಿಂದ ಹಾಗೆಯೇ. ನಂತರ ದಕ್ಷಿಣದಲ್ಲಿ, ಪಶ್ಚಿಮದಲ್ಲಿ ಉಳಿದ ತಪ್ಪಿನ ಅರ್ಧವನ್ನು ಮಾತ್ರ ತೆಗೆಯಿರಿ. ಮತ್ತೊಮ್ಮೆ ಎಂಟೂ ದಿಕ್ಕು ನೋಡಿ, ಉಳಿದದ್ದನ್ನು ಬರೆದು ದಿಕ್ಸೂಚಿಯ ಪಕ್ಕದಲ್ಲೇ ಅಂಟಿಸಿರಿ. ನಕ್ಷೆಯ ನಿಜ ಉತ್ತರಕ್ಕೂ ಸೂಜಿಯ ಉತ್ತರಕ್ಕೂ ಇರುವ ಅಂತರ ತುಮಕೂರಿನಲ್ಲಿ ಒಂದೆರಡು ಡಿಗ್ರಿ ಮಾತ್ರ. ಸಣ್ಣ ದೋಣಿಗೆ ಅದು ದೊಡ್ಡದಲ್ಲ.

ಹೊಸ ಎಂಜಿನ್ ಅಥವಾ ರೇಡಿಯೋ ಕೂಡಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಆಗಲೇಬೇಕು. ಕೆರೆಯ ದೋಣಿಗೂ ಮಲ್ಪೆಯ ನಾಡದೋಣಿಗೂ ನಿಯಮ ಒಂದೇ. ಅರ್ಧ ದಿನದ ಕೆಲಸ. ಮನೆಯಲ್ಲಿ ಕಾಯುವವರಿಗಾಗಿ ಅಷ್ಟು ಸಮಯ ಕೊಡಿರೆಂಬುದೇ ನಮ್ಮ ವಿನಂತಿ.