ಆಗಸ್ಟ್ ಹದಿನಾರು: ಒಂದು ದಿನ, ಮೂರು ದನಿ

ಮಹನೀಯರ ಜಯಂತಿಯನ್ನೂ ಪುಣ್ಯತಿಥಿಯನ್ನೂ ಆಚರಿಸುವುದು ನಮಗೆ ಹೊಸತಲ್ಲ. ಪಾಶ್ಚಾತ್ಯ ದೇಶಗಳಲ್ಲಿ, ಅದರಲ್ಲಿಯೂ ಅಮೆರಿಕದಲ್ಲಿ, ರಾಕ್ ಮತ್ತು ಪಾಪ್ ಎಂದು ಕರೆಯುವ ಜನಪ್ರಿಯ ಸಂಗೀತಕ್ಕೂ ಇಂಥದೊಂದು ಪಂಚಾಂಗ ಬೆಳೆದು ನಿಂತಿದೆ. ಇಂಥ ಗಾಯಕ ಹುಟ್ಟಿದ ದಿನ, ಇಂಥ ಹಾಡು ಧ್ವನಿಮುದ್ರಣಗೊಂಡ ದಿನ, ಇಂಥವರು ತೀರಿಕೊಂಡ ದಿನ ಎಂದು ವರ್ಷದುದ್ದಕ್ಕೂ ಒಂದಲ್ಲ ಒಂದು ನೆನಪು ಅಲ್ಲಿ ಕಾದಿರುತ್ತದೆ. ಪತ್ರಿಕೆಗಳು ಅವನ್ನು ಅಚ್ಚುಮಾಡುತ್ತವೆ. ಬಾನುಲಿ ಕೇಂದ್ರಗಳು ಆ ದಿನ ಆ ಹಾಡುಗಳನ್ನೇ ಬಿತ್ತರಿಸುತ್ತವೆ. ಮೇಲುನೋಟಕ್ಕೆ ಇದು ಅಭಿಮಾನಿಗಳ ಹವ್ಯಾಸ. ಆದರೆ ಯಾವ ದಿನವನ್ನು ಯಾರು ನೆನೆಯುತ್ತಾರೆ, ಆ ದಿನಾಂಕ ಲೋಕಕ್ಕೆ ತಿಳಿದುಬಂದದ್ದಾದರೂ ಹೇಗೆ ಎಂದು ಕೇಳತೊಡಗಿದರೆ ಆ ಸಂಗೀತದ ಚರಿತ್ರೆಯೇ ನಮ್ಮೆದುರು ತೆರೆದುಕೊಳ್ಳುತ್ತದೆ. ಉದಾಹರಣೆಗೆ ಒಂದೇ ಒಂದು ದಿನವನ್ನು ತೆಗೆದುಕೊಳ್ಳೋಣ: ಆಗಸ್ಟ್ ೧೬.

ಈ ದಿನದಂದು ೧೯೩೮ರಲ್ಲಿ ರಾಬರ್ಟ್ ಜಾನ್ಸನ್ ತೀರಿಕೊಂಡ. ೧೯೭೭ರಲ್ಲಿ ಇದೇ ದಿನ ಎಲ್ವಿಸ್ ಪ್ರೆಸ್ಲಿ ತೀರಿಕೊಂಡ. ೨೦೧೮ರಲ್ಲಿ ಇದೇ ದಿನ ಅರೀತಾ ಫ್ರ್ಯಾಂಕ್ಲಿನ್ ಕಣ್ಮುಚ್ಚಿದಳು. ಎಂಬತ್ತು ವರ್ಷಗಳ ಅಂತರದಲ್ಲಿ ಮೂವರು ಒಂದೇ ತಾರೀಖಿಗೆ ಸಂದದ್ದು ಕೇವಲ ಕಾಕತಾಳೀಯ. ಅದರಲ್ಲಿ ಗೂಢಾರ್ಥವನ್ನು ಹುಡುಕುವುದು ವ್ಯರ್ಥ. ಆದರೆ ಬದುಕಿನಲ್ಲಿ ಎಂದೂ ಒಟ್ಟಿಗೆ ಕೂರದ ಈ ಮೂವರನ್ನು ಪಂಚಾಂಗವು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಹಾಗೆ ಕೂರಿಸಿ ನೋಡಿದಾಗ ಕಾಣುವುದೇನು ಎಂಬುದು ಇಂದಿನ ವಿಚಾರ.

ಮೊದಲನೆಯವನು ಜಾನ್ಸನ್. ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವೆ ಡೆಲ್ಟಾ ಎಂಬ ಸಮತಟ್ಟಾದ ಹತ್ತಿಯ ಸೀಮೆಯೊಂದಿದೆ. ಗುಲಾಮಗಿರಿ ಕಾನೂನಿನಲ್ಲಿ ಅಳಿದ ಮೇಲೆಯೂ ಅಲ್ಲಿಯ ಕಪ್ಪು ಜನರು ಸಾಲ ಮತ್ತು ಗೇಣಿಗಳ ಹೊರೆಯಲ್ಲಿಯೇ ದುಡಿದರು. ಅವರ ನಡುವೆ ರೂಪುಗೊಂಡ ಹಾಡಿನ ಬಗೆಗೆ ಬ್ಲೂಸ್ ಎಂದು ಹೆಸರು. ಅದರ ಕಟ್ಟು ಸರಳ. ಒಂದು ಸಾಲನ್ನು ಹಾಡುವುದು. ಅದನ್ನೇ ಕೊಂಚ ಬದಲಿಸಿ ಮತ್ತೊಮ್ಮೆ ಹಾಡುವುದು. ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡುವುದು. ನಮ್ಮ ಗರತಿಯರ ತ್ರಿಪದಿಯನ್ನು ಬಲ್ಲವರಿಗೆ ಈ ಮಿತವ್ಯಯ ಅಪರಿಚಿತವೆನಿಸಲಾರದು.

ಜಾನ್ಸನ್ ಗಿಟಾರನ್ನು ಹೊತ್ತು ಊರೂರು ಅಲೆದ ಹಾಡುಗಾರ. ೧೯೩೬ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, ೧೯೩೭ರಲ್ಲಿ ಡಲ್ಲಾಸ್‌ನಲ್ಲಿ ಅವನ ಹಾಡುಗಳ ಧ್ವನಿಮುದ್ರಣವಾಯಿತು. ಒಟ್ಟು ೨೯ ಹಾಡುಗಳು. ಅವನು ಬಿಟ್ಟುಹೋದ ಆಸ್ತಿ ಅಷ್ಟೆ. ಮರುವರ್ಷ ಮಿಸಿಸಿಪಿಯ ಗ್ರೀನ್‌ವುಡ್ ಬಳಿ, ಬಹುಶಃ ೨೭ರ ವಯಸ್ಸಿನಲ್ಲಿ ಸತ್ತ. ಬಹುಶಃ ಎಂದೆ, ಏಕೆಂದರೆ ಅವನು ಹುಟ್ಟಿದ್ದು ೧೯೧೧ರ ಮೇ ೮ರಂದು ಎಂಬುದು ಸಂಭಾವ್ಯವೇ ಹೊರತು ದೃಢಪಟ್ಟ ಸಂಗತಿಯಲ್ಲ. ಸತ್ತ ದಿನ ತಿಳಿದದ್ದಾದರೂ ಮೂವತ್ತು ವರ್ಷಗಳ ಬಳಿಕ. ೧೯೬೮ರಲ್ಲಿ ಗೇಲ್ ಡೀನ್ ವಾರ್ಡ್‌ಲೋ ಎಂಬ ಸಂಶೋಧಕ ಅವನ ಮರಣಪತ್ರವನ್ನು ಪತ್ತೆಹಚ್ಚಿದ. ಸಾವಿನ ಕಾರಣವನ್ನು ಬರೆಯಬೇಕಾದ ಜಾಗದಲ್ಲಿ, ವೈದ್ಯರಿರಲಿಲ್ಲ ಎಂಬರ್ಥದ ಎರಡು ಪದಗಳಿದ್ದವು. ಅವನ ಹೆಸರಿನ ಸಮಾಧಿಶಿಲೆಗಳು ಗ್ರೀನ್‌ವುಡ್‌ನ ಸುತ್ತಮುತ್ತ ಒಂದಲ್ಲ, ಮೂರು ಚರ್ಚುಗಳ ಅಂಗಳದಲ್ಲಿವೆ. ಕವಲುದಾರಿಯಲ್ಲಿ ನಿಂತು ಸೈತಾನನಿಗೆ ಆತ್ಮವನ್ನು ಮಾರಿ ವಿದ್ಯೆ ಪಡೆದನೆಂಬ ಕಥೆ ಅವನ ಸುತ್ತ ಹಬ್ಬಿತು. ದಾಖಲೆಯಿಲ್ಲದ ಕಡೆ ದಂತಕಥೆ ಬೆಳೆಯುವುದು ಎಲ್ಲ ದೇಶಗಳ ಕವಿಚರಿತೆಗಳಲ್ಲಿಯೂ ಕಾಣುವ ಸಂಗತಿ.

ಜಾನ್ಸನ್ ಸತ್ತ ನಾಲ್ಕು ತಿಂಗಳಿಗೆ, ೧೯೩೮ರ ಡಿಸೆಂಬರ್ ೨೩ರಂದು, ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಕಪ್ಪು ಜನರ ಸಂಗೀತದ ದೊಡ್ಡ ಕಛೇರಿಯೊಂದು ನಡೆಯಿತು. ಅದನ್ನು ಏರ್ಪಡಿಸಿದ್ದ ಜಾನ್ ಹ್ಯಾಮಂಡ್ ಜಾನ್ಸನ್‌ನನ್ನು ಕರೆಸಬೇಕೆಂದು ಹುಡುಕಿಸಿದಾಗ ಸಾವಿನ ಸುದ್ದಿ ತಿಳಿಯಿತು. ಆಗ ಹ್ಯಾಮಂಡ್ ವೇದಿಕೆಯ ಮೇಲೆ ಅವನ ಧ್ವನಿಮುದ್ರಿಕೆಗಳನ್ನೇ ಹಾಕಿಸಿ ಸಭಿಕರಿಗೆ ಕೇಳಿಸಿದ. ಗಾಯಕನಿಲ್ಲದ ವೇದಿಕೆಯಲ್ಲಿ ಅವನ ಕಂಠ ಹಾಡಿತು. ಸತ್ತವನ ಸ್ಮರಣೆ ಎಂದರೆ ಅವನ ಬಗ್ಗೆ ಆಡುವ ಮಾತು ಎಂಬ ಹಳೆಯ ಕ್ರಮ ಬದಲಾಗಿ, ಅವನ ದನಿಯನ್ನೇ ಮತ್ತೆ ಕೇಳುವುದು ಎಂಬ ಹೊಸ ಕ್ರಮ ಸಾಧ್ಯವಾದದ್ದು ಗ್ರಾಮಫೋನಿನಿಂದ. ರಾಕ್ ಸಂಗೀತದ ಪಂಚಾಂಗ ನಿಂತಿರುವುದೂ ಈ ಅಡಿಪಾಯದ ಮೇಲೆಯೇ. ೧೯೬೧ರಲ್ಲಿ ಜಾನ್ಸನ್‌ನ ಹಾಡುಗಳು ದೊಡ್ಡ ಮುದ್ರಿಕೆಯಾಗಿ ಹೊರಬಂದಾಗ ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್‌ರಂಥ ತರುಣರು ಅವನಿಗೆ ಮಾರುಹೋದರು.

ಎರಡನೆಯವನು ಎಲ್ವಿಸ್ ಪ್ರೆಸ್ಲಿ. ಅವನೂ ಮಿಸಿಸಿಪಿಯವನೇ. ೧೯೩೫ರ ಜನವರಿ ೮ರಂದು ಟ್ಯುಪೆಲೋ ಎಂಬ ಊರಿನ ಎರಡು ಕೋಣೆಗಳ ಮನೆಯಲ್ಲಿ, ಬಡ ಬಿಳಿಯ ಕುಟುಂಬದಲ್ಲಿ ಹುಟ್ಟಿದ. ಅವನ ವಿಷಯದಲ್ಲಿ ಯಾವ ದಿನಾಂಕವೂ ಸಂದಿಗ್ಧವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ೧೯೫೪ರ ಜುಲೈ ೫. ಅಂದು ಮೆಂಫಿಸ್ ನಗರದಲ್ಲಿ ಸ್ಯಾಮ್ ಫಿಲಿಪ್ಸ್ ಎಂಬಾತನ ಪುಟ್ಟ ಸ್ಟುಡಿಯೋದಲ್ಲಿ ೧೯ ವರ್ಷದ ಎಲ್ವಿಸ್, ಗಿಟಾರಿನ ಸ್ಕಾಟಿ ಮೂರ್, ಬಾಸ್ ವಾದ್ಯದ ಬಿಲ್ ಬ್ಲ್ಯಾಕ್ ಭಾವಗೀತೆಗಳನ್ನು ಹಾಡಿ ನೋಡಿದರು, ಯಾವುದೂ ಹಿಡಿಸಲಿಲ್ಲ. ವಿರಾಮದ ನಡುವೆ ಎಲ್ವಿಸ್ ತಮಾಷೆಗೆಂಬಂತೆ ಹಳೆಯ ಬ್ಲೂಸ್ ಹಾಡೊಂದನ್ನು ಚುರುಕಾದ ಲಯದಲ್ಲಿ ಎತ್ತಿಕೊಂಡ. ಉಳಿದಿಬ್ಬರೂ ಸೇರಿಕೊಂಡರು. ಫಿಲಿಪ್ಸ್ ಅದನ್ನೇ ಮೊದಲಿನಿಂದ ಹಾಡಿಸಿ ಮುದ್ರಿಸಿಕೊಂಡ. ರಾಕ್ ಸಂಗೀತದ ಜನ್ಮದಿನವೆಂದು ಅನೇಕರು ಸ್ಮರಿಸುವುದು ಈ ದಿನವನ್ನು.

ಕೆಲವೇ ದಿನಗಳಲ್ಲಿ ಮೆಂಫಿಸ್ ಬಾನುಲಿಯಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ನಿರೂಪಕ ಆ ಹಾಡನ್ನು ಹಾಕಿದ. ಕೇಳುಗರ ದೂರವಾಣಿ ಕರೆಗಳು ಬಂದವು. ಅದನ್ನೇ ಮತ್ತೆ ಮತ್ತೆ ಹಾಕಿದ. ಎಲ್ವಿಸ್‌ನನ್ನು ಕರೆಸಿ ಸಂದರ್ಶಿಸಿ, ಯಾವ ಶಾಲೆಯಲ್ಲಿ ಓದಿದೆ ಎಂದು ಪ್ರಶ್ನಿಸಿದ. ಅದು ಲೋಕಾಭಿರಾಮದ ಪ್ರಶ್ನೆಯಾಗಿರಲಿಲ್ಲ. ಅಲ್ಲಿ ಆಗ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಶಾಲೆಗಳು. ಶಾಲೆಯ ಹೆಸರು ಕೇಳಿದೊಡನೆ ಹಾಡುವವನು ಬಿಳಿಯನೆಂದು ಊರಿಗೆಲ್ಲ ತಿಳಿಯಿತು. ದನಿಯಿಂದ ಅದು ತಿಳಿದಿರಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಆ ಹಾಡು ಮಿಸಿಸಿಪಿಯ ಕಪ್ಪು ಗಾಯಕ ಆರ್ಥರ್ ಕ್ರೂಡಪ್‌ನದು; ೧೯೪೬ರಲ್ಲಿಯೇ ಅವನು ಅದನ್ನು ಹಾಡಿ ಮುದ್ರಿಸಿದ್ದ. ಎಲ್ವಿಸ್‌ನ ಮುದ್ರಿಕೆಯ ಮೇಲೆ ಕ್ರೂಡಪ್‌ನ ಹೆಸರು ಅಚ್ಚಾಗಿತ್ತು. ಆದರೆ ಹೆಸರು ಬಂದಂತೆ ಹಣ ಬರಲಿಲ್ಲ. ತನ್ನ ಪಾಲಿನ ರಾಯಲ್ಟಿಗಾಗಿ ಹೆಣಗಿ, ಕೂಲಿ ಕೆಲಸದಿಂದ ಹೊಟ್ಟೆ ಹೊರೆದು, ಬಹುಪಾಲು ಕೈಗೆಟುಕದೆಯೇ ಅವನು ೧೯೭೪ರಲ್ಲಿ ತೀರಿಕೊಂಡ. ಜುಲೈ ೫ನ್ನು ನೆನೆಯುವವರಲ್ಲಿ ಎಷ್ಟು ಜನ ಅವನ ಜನ್ಮದಿನವಾದ ಆಗಸ್ಟ್ ೨೪ನ್ನು ಬಲ್ಲರು? ಇದು ಎಲ್ವಿಸ್‌ನ ಮೇಲಿನ ದೂರಲ್ಲ. ಅವನ ಪ್ರತಿಭೆ ನಿಜವಾದದ್ದು. ಎರಡು ಜನಾಂಗಗಳ ಸಂಗೀತ ಅವನ ಕಂಠದಲ್ಲಿ ಬೆರೆತದ್ದೂ ನಿಜ. ದೂರು ಇರುವುದು, ಒಂದೇ ಹಾಡಿಗೆ ಎರಡು ಬೆಲೆ ಕಟ್ಟಿದ ಸಮಾಜದ ಮೇಲೆ.

ಎಲ್ವಿಸ್ ೪೨ರ ವಯಸ್ಸಿನಲ್ಲಿ ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಎಂಬ ತನ್ನ ಮನೆಯಲ್ಲಿ ಕುಸಿದು ಸತ್ತಾಗ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಂತಾಪ ಸೂಚಿಸಿದರು. ೧೯೮೨ರಲ್ಲಿ ಆ ಮನೆ ಸಾರ್ವಜನಿಕರಿಗೆ ತೆರೆಯಿತು. ಪ್ರತಿ ವರ್ಷ ಆಗಸ್ಟ್ ೧೫ರ ರಾತ್ರಿ ಅಭಿಮಾನಿಗಳು ಮೋಂಬತ್ತಿ ಹಿಡಿದು ಅವನ ಸಮಾಧಿಯವರೆಗೆ ಸಾಲಾಗಿ ನಡೆಯುತ್ತಾರೆ. ೧೯೯೩ರಲ್ಲಿ ಅವನ ಹುಟ್ಟುಹಬ್ಬದ ದಿನವೇ ಅಂಚೆಚೀಟಿ ಹೊರಬಂತು. ಅದರಲ್ಲಿ ತರುಣ ಎಲ್ವಿಸ್ ಇರಬೇಕೋ ಪ್ರೌಢ ಎಲ್ವಿಸ್ ಇರಬೇಕೋ ಎಂದು ಅದಕ್ಕೆ ಮುನ್ನ ಜನರ ಮತ ಕೇಳಲಾಗಿತ್ತು. ತರುಣನೇ ಗೆದ್ದ. ಮರುವರ್ಷ ಜಾನ್ಸನ್‌ನ ಅಂಚೆಚೀಟಿಯೂ ಬಂತು. ಅದಕ್ಕೆ ಆಧಾರವಾದ ಭಾವಚಿತ್ರದಲ್ಲಿ ಅವನ ತುಟಿಗಳ ನಡುವೆ ಸಿಗರೇಟಿತ್ತು. ಅಂಚೆಚೀಟಿಯಲ್ಲಿ ಅದನ್ನು ಅಳಿಸಿದರು. ಸ್ಮರಣೆ ಎಂಬುದು ಉಳಿಸುವಂತೆಯೇ ತಿದ್ದುತ್ತದೆ ಕೂಡ.

ಮೂರನೆಯವಳು ಅರೀತಾ ಫ್ರ್ಯಾಂಕ್ಲಿನ್. ಹುಟ್ಟಿದ್ದು ೧೯೪೨ರ ಮಾರ್ಚ್ ೨೫ರಂದು, ಎಲ್ವಿಸ್ ಮುಂದೆ ಹೆಸರು ಮಾಡಿದ ಅದೇ ಮೆಂಫಿಸ್‌ನಲ್ಲಿ. ತಂದೆ ಸಿ. ಎಲ್. ಫ್ರ್ಯಾಂಕ್ಲಿನ್ ಜಾನ್ಸನ್ ಅಲೆದಾಡಿದ ಅದೇ ಡೆಲ್ಟಾ ಸೀಮೆಯಲ್ಲಿ ಹುಟ್ಟಿ, ದಕ್ಷಿಣವನ್ನು ತೊರೆದು ಉತ್ತರಕ್ಕೆ ನಡೆದ ಲಕ್ಷಾಂತರ ಕಪ್ಪು ಜನರಂತೆ ವಲಸೆ ಹೋಗಿ, ಡೆಟ್ರಾಯಿಟ್‌ನಲ್ಲಿ ಹೆಸರಾಂತ ಧರ್ಮೋಪದೇಶಕರಾದವರು. ಅವರ ಚರ್ಚಿನಲ್ಲಿ ಗಾಸ್ಪೆಲ್ ಎಂಬ ಭಕ್ತಿಗೀತೆಗಳನ್ನು ಹಾಡುತ್ತ ಅರೀತಾ ಬೆಳೆದಳು. ೧೯೬೦ರಲ್ಲಿ ಆಕೆಯನ್ನು ದೊಡ್ಡ ಮುದ್ರಣ ಸಂಸ್ಥೆಯೊಂದಕ್ಕೆ ಕರೆತಂದವನು ಮತ್ತಾರೂ ಅಲ್ಲ, ಜಾನ್ಸನ್‌ನ ಧ್ವನಿಮುದ್ರಿಕೆಗಳನ್ನು ಕಾರ್ನೆಗಿ ವೇದಿಕೆಯಲ್ಲಿ ಕೇಳಿಸಿದ ಅದೇ ಹ್ಯಾಮಂಡ್.

೧೯೬೭ರ ಫೆಬ್ರವರಿ ೧೪ರಂದು ಅವಳು ನ್ಯೂಯಾರ್ಕಿನಲ್ಲಿ ‘ರೆಸ್ಪೆಕ್ಟ್’ ಎಂಬ ಹಾಡನ್ನು ಮುದ್ರಿಸಿದಳು. ‘ರೆಸ್ಪೆಕ್ಟ್’ ಎಂದರೆ ಗೌರವ, ಮರ್ಯಾದೆ. ೧೯೬೫ರಲ್ಲಿ ಅದನ್ನು ರಚಿಸಿ ಹಾಡಿದ್ದವನು ಓಟಿಸ್ ರೆಡಿಂಗ್. ಅವನಲ್ಲಿ ಅದು ದುಡಿದು ಮನೆಗೆ ಬರುವ ಗಂಡಸು ಹೆಂಗಸಿನಿಂದ ಬಯಸುವ ಮನ್ನಣೆ. ಅರೀತಾ ಅದನ್ನು ಹೆಣ್ಣಿನ ಬಾಯಿಗೆ ಇಟ್ಟಳು; ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಭಾಗವನ್ನು ಸೇರಿಸಿದಳು. ಹಾಡು ತಿರುಗುಮುರುಗಾಯಿತು. ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಪ್ಪು ಜನರೂ ಸ್ತ್ರೀಯರೂ ಅದನ್ನು ತಮ್ಮದೆಂದು ಎತ್ತಿಕೊಂಡರು. ಆದರೆ ಅಮೆರಿಕದ ಕಾನೂನಿನಂತೆ ಬಾನುಲಿಯಲ್ಲಿ ಹಾಡು ಪ್ರಸಾರವಾದಾಗ ರಚಿಸಿದವನಿಗೆ ಸಂಭಾವನೆ ಉಂಟು, ಹಾಡಿದವರಿಗೆ ಇಲ್ಲ. ಮರ್ಯಾದೆಯನ್ನು ಕೇಳಿದ ಆ ಕಂಠ ಅವಳ ಜೀವಮಾನವಿಡೀ ಅಲ್ಲಿಯ ಬಾನುಲಿಗಳಲ್ಲಿ ಮೊಳಗಿದರೂ ಆ ಪ್ರಸಾರಕ್ಕಾಗಿ ಅವಳಿಗೆ ಬಂದದ್ದೇನೂ ಇಲ್ಲ. ಕ್ರೂಡಪ್‌ಗೆ ರಚಿಸಿಯೂ ಸಿಗಲಿಲ್ಲ. ಅರೀತಾಗೆ ಹಾಡಿಯೂ ಸಿಗಲಿಲ್ಲ.

ಆದರೂ ಕಾಲ ನಿಂತಲ್ಲೇ ನಿಂತಿರಲಿಲ್ಲ. ೧೯೮೭ರಲ್ಲಿ ರಾಕ್ ಸಂಗೀತದ ಗೌರವ ಮಂದಿರಕ್ಕೆ ಆಯ್ಕೆಯಾದ ಪ್ರಥಮ ಮಹಿಳೆ ಅರೀತಾ. ೨೦೦೯ರಲ್ಲಿ ಬರಾಕ್ ಒಬಾಮಾ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಸಮಾರಂಭದಲ್ಲಿ ಹಾಡಿದವಳು ಅವಳು. ೭೬ರ ವಯಸ್ಸಿನಲ್ಲಿ ಡೆಟ್ರಾಯಿಟ್‌ನಲ್ಲಿ ತೀರಿಕೊಂಡಾಗ ಅಂತ್ಯಸಂಸ್ಕಾರದ ಪ್ರಾರ್ಥನೆ ಸುಮಾರು ಎಂಟು ಗಂಟೆಗಳ ಕಾಲ ನಡೆಯಿತು. ಮಾಜಿ ಅಧ್ಯಕ್ಷರೊಬ್ಬರು ಬಂದು ಮಾತನಾಡಿದರು. ವೈದ್ಯನಿಲ್ಲದೆ ಸತ್ತ ಜಾನ್ಸನ್‌ನಿಂದ ಇಲ್ಲಿಯವರೆಗಿನ ಎಂಬತ್ತು ವರ್ಷಗಳ ದೂರವನ್ನು ಅಳೆಯಲು ಆಗಸ್ಟ್ ೧೬ಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು.

ಪಂಚಾಂಗದಲ್ಲಿ ಬಿಟ್ಟುಹೋದ ಹೆಸರನ್ನು ಮತ್ತೆ ಸೇರಿಸುವುದು ಸಾಧ್ಯವೆ? ಸಾಧ್ಯವೆಂಬುದಕ್ಕೆ ನಿದರ್ಶನವಿದೆ. ಸಿಸ್ಟರ್ ರೊಸೆಟಾ ಥಾರ್ಪ್ ಎಂಬ ಕಪ್ಪು ಗಾಯಕಿ, ಎಲ್ವಿಸ್ ಬಾಲಕನಾಗಿದ್ದಾಗಲೇ, ವಿದ್ಯುತ್ ಗಿಟಾರ್ ನುಡಿಸುತ್ತ ಗಾಸ್ಪೆಲ್ ಹಾಡುತ್ತಿದ್ದಳು. ೧೯೭೩ರಲ್ಲಿ ಫಿಲಡೆಲ್ಫಿಯಾದಲ್ಲಿ ಅವಳು ತೀರಿಕೊಂಡ ಮೇಲೆ ದಶಕಗಳ ಕಾಲ ಸಮಾಧಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ. ಕಡೆಗೆ ಪೆನ್ಸಿಲ್ವೇನಿಯಾ ರಾಜ್ಯದ ಗವರ್ನರ್ ೨೦೦೮ರ ಜನವರಿ ೧೧ನ್ನು ಥಾರ್ಪ್ ದಿನವೆಂದು ಘೋಷಿಸಿದರು. ಅಂದು ಕಛೇರಿ ನಡೆಸಿ ಹಣ ಕೂಡಿಸಿ ಕಲ್ಲನ್ನು ನಿಲ್ಲಿಸಿದರು. ಜನವರಿ ೧೧ ಅವಳು ಹುಟ್ಟಿದ ದಿನವೂ ಅಲ್ಲ, ಸತ್ತ ದಿನವೂ ಅಲ್ಲ. ಮರೆತವರು ನೆನೆಸಿಕೊಂಡ ದಿನ.

ಆದ್ದರಿಂದ ಈ ಹುಟ್ಟುಹಬ್ಬ, ಪುಣ್ಯತಿಥಿಗಳ ಪಟ್ಟಿಯನ್ನು ಅಭಿಮಾನಿಗಳ ಗೀಳೆಂದು ತಳ್ಳಿಹಾಕಬೇಕಾಗಿಲ್ಲ. ಅಂತಿಮ ತೀರ್ಪೆಂದು ಒಪ್ಪಬೇಕಾಗಿಯೂ ಇಲ್ಲ. ಪ್ರತಿಯೊಂದು ದಿನಾಂಕದ ಹಿಂದೆಯೂ ಅದನ್ನು ಬರೆದಿಟ್ಟ ಒಂದು ಕೈ ಇರುತ್ತದೆ, ಆ ಕೈ ಬರೆಯದೆ ಬಿಟ್ಟ ಹೆಸರುಗಳೂ ಇರುತ್ತವೆ. ಮುಂದಿನ ಆಗಸ್ಟ್ ೧೬ರಂದು ಮೆಂಫಿಸ್‌ನ ಮೋಂಬತ್ತಿಗಳ ಚಿತ್ರವನ್ನು ಪತ್ರಿಕೆಯಲ್ಲಿ ಕಂಡಾಗ ಆ ೨೯ ಹಾಡುಗಳಲ್ಲಿ ಒಂದನ್ನಾದರೂ ಕೇಳಿ. ಆಮೇಲೆ ಎಲ್ವಿಸ್‌ನನ್ನು, ಆಮೇಲೆ ಅರೀತಾಳನ್ನು. ಮೂರೂ ಒಂದೇ ಮಣ್ಣಿನ ದನಿಗಳೆಂಬುದು ಕಿವಿಗೇ ತಿಳಿಯುತ್ತದೆ.

(ಬಾನುಲಿ ಭಾಷಣ)